ಕೇಳಿದರೆ ಮಾತ್ರ

ಸ್ವೋರ್ಡ್ಸ್, ಕೌಂಟಿ ಡಬ್ಲಿನ್
ಫೆಬ್ರುವರಿ 2026

ಪ್ರೀತಿಯ ಸುಮಂಗಲಕ್ಕನಿಗೆ,

ನಿಮ್ಮ ಕಾಗದದಲ್ಲಿ ಮೂವರು ಮಾತಾಡಿದ್ದೀರಿ. ನಿಮ್ಮ ಪ್ರಶ್ನೆ ಒಂದು, ಅತ್ತೆಯವರದು ಒಂದು. ಮಗಳದು ಮಾತ್ರ ಪ್ರಶ್ನೆಗಿಂತ ಹೆಚ್ಚಾಗಿ ಜಗಳ. ಹಿರಿಯರಿಂದಲೇ ಶುರು ಮಾಡುತ್ತೇನೆ.

ಅತ್ತೆಯವರಿಗೆ ಹೇಳಿ, ಎಪ್ಪತ್ತೆಂಟು ವಯಸ್ಸು ಚರ್ಮದಾನಕ್ಕೆ ಅಡ್ಡಿಯಲ್ಲ. ಹದಿನೆಂಟು ತುಂಬಿದ ಯಾರ ಚರ್ಮವಾದರೂ ಆದೀತು, ಮೇಲಿನ ಮಿತಿ ಇಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದರೂ ನಡೆಯುತ್ತದೆ. ರಕ್ತದ ಗುಂಪು ಹೊಂದಬೇಕೆಂಬ ತಾಪತ್ರಯವಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ, ಚರ್ಮದ ಕ್ಯಾನ್ಸರ್, ಮೈಗೆ ಹರಡಿದ ಸೋಂಕು ಇಂಥವು ಇದ್ದರೆ ಮಾತ್ರ ಬೇಡ ಎನ್ನುತ್ತಾರೆ. ಕಿಡ್ನಿ, ಲಿವರ್ ಕೊಡಬೇಕಾದರೆ ಸಾಮಾನ್ಯವಾಗಿ ಐಸಿಯುನಲ್ಲಿ ಮಿದುಳು ಸತ್ತು, ಹೃದಯ ಇನ್ನೂ ಬಡಿಯುತ್ತಿರಬೇಕು. ಚರ್ಮಕ್ಕೆ ಅದೇನೂ ಬೇಡ. ಮನೆಯಲ್ಲಿ, ತಮ್ಮ ಮಂಚದ ಮೇಲೇ ಕಣ್ಣು ಮುಚ್ಚಿದರೂ ಆಗುತ್ತದೆ. ಆರು ಗಂಟೆಯ ಒಳಗೆ ತಂಡ ಬಂದು ತಲುಪಬೇಕು, ಅಷ್ಟೆ. ಕಣ್ಣಿಗೂ ಹೆಚ್ಚುಕಡಿಮೆ ಅದೇ ಗಡುವು.

ಅವರ ನಿಜವಾದ ಅಳುಕು ವಯಸ್ಸಿನದಲ್ಲ ಎಂಬುದು ನೀವು ಅವರ ಮಾತಿನಲ್ಲೇ ಬರೆದ ಸಾಲಿನಿಂದ ಗೊತ್ತಾಯಿತು: "ಕುಂಡ್ರಿಸಿ ಪೂಜಿ ಮಾಡೂ ಮುಂದ ರಗತ ಸೋರಿದ್ರ ಹೆಂಗ?" ಸೋರುವುದಿಲ್ಲ. ಪ್ರಾಣ ಹೋದ ಮೇಲೆ ರಕ್ತ ಓಡುವುದಿಲ್ಲ. ಅಲ್ಲದೆ ತೆಗೆಯುವುದು ಇಡೀ ಚರ್ಮವನ್ನಲ್ಲ, ಮೇಲಿನ ತೆಳು ಪದರವನ್ನು. ಒಂದು ಮಿಲಿಮೀಟರಿನ ಅರ್ಧದಷ್ಟೂ ದಪ್ಪವಿರುವುದಿಲ್ಲ. ಡರ್ಮಟೋಮ್ ಎಂಬ ಉಪಕರಣದಿಂದ ತೊಡೆ, ಕಾಲು, ಬೆನ್ನಿನಿಂದ ಪಟ್ಟಿಪಟ್ಟಿಯಾಗಿ ತೆಗೆದು, ಆ ಜಾಗಕ್ಕೆ ಬ್ಯಾಂಡೇಜ್ ಸುತ್ತುತ್ತಾರೆ. ಮುಖ, ಕೈ ಮುಟ್ಟುವುದಿಲ್ಲ. ಮುಕ್ಕಾಲು ಗಂಟೆಯ ಕೆಲಸ. ಆಮೇಲೆ ಸೀರೆ ಉಡಿಸಿ, ವಿಭೂತಿ ಹಚ್ಚಿ, ಲಿಂಗಪೂಜೆಗೆ ಕೂಡಿಸಲು ಏನೂ ತೊಂದರೆಯಿಲ್ಲ. ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಓಣಿಯ ಆ ಹುಡುಗಿಗೆ, ಮೈಯ ಸುಮಾರು ಶೇಕಡ ನಲವತ್ತು ಭಾಗ ಸುಟ್ಟು ಹುಬ್ಬಳ್ಳಿಯಲ್ಲಿ ಮಲಗಿರುವವಳಿಗೆ, ನಿಮ್ಮ ತೊಡೆಯ ಚರ್ಮ ಕೊಡಲೇ ಎಂದು ಕೇಳಿದ್ದೀರಿ. ಈ ಕಾಲದಲ್ಲಿ ಹೀಗೆ ಕೇಳುವವರಿದ್ದಾರಲ್ಲ ಎಂದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆದರೆ ಬೇಡ. ನೀವು ಕೊಟ್ಟರೂ ಅದು ಅವಳ ಮೈಮೇಲೆ ಉಳಿಯುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿ ಅಲ್ಲದಿದ್ದರೆ ಅಮ್ಮನ ಚರ್ಮವೂ ಮಗಳ ಮೈಯಲ್ಲಿ ನಿಲ್ಲುವುದಿಲ್ಲ. ಎರಡು ಮೂರು ವಾರ ಚೆನ್ನಾಗಿ ಅಂಟಿಕೊಂಡಂತೆ ಕಂಡು, ಆಮೇಲೆ ಬಣ್ಣಗೆಟ್ಟು ಕಳಚಿ ಬೀಳುತ್ತದೆ. ಅತ್ತ ನಿಮ್ಮ ತೊಡೆಯ ಮೇಲೊಂದು ಗಾಯ ಹೊಸದಾಗಿ ಆಗಿರುತ್ತದೆ.

ಇದು ಗೊತ್ತಾಗಲು ಎರಡನೇ ಮಹಾಯುದ್ಧವೇ ಬರಬೇಕಾಯಿತು. 1940ರಲ್ಲಿ ಆಕ್ಸ್‌ಫರ್ಡಿನ ಪೀಟರ್ ಮೆಡಾವರ್ ಎಂಬ ಪ್ರಾಣಿಶಾಸ್ತ್ರಜ್ಞನ ಮನೆಯ ಹತ್ತಿರ ಬಾಂಬರ್ ವಿಮಾನವೊಂದು ಬಿತ್ತು. ಮೈಯೆಲ್ಲ ಸುಟ್ಟ ಆ ವೈಮಾನಿಕನಿಗೆ ಏನು ಮಾಡಬಹುದು ಎಂದು ವೈದ್ಯರು ಇವರನ್ನು ಕೇಳಿದರು. ಅಲ್ಲಿಂದ ಹಿಡಿದ ಎಳೆ ಗ್ಲಾಸ್ಗೋದ ಸುಟ್ಟಗಾಯಗಳ ಘಟಕಕ್ಕೆ ಹೋಯಿತು. ಅಲ್ಲಿ ಥಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯರ ಜೊತೆ ಸೇರಿ, ಗ್ಯಾಸ್ ಬೆಂಕಿಯಿಂದ ಸುಟ್ಟ ಹೆಂಗಸೊಬ್ಬಳಿಗೆ ಅವಳ ಸೋದರನ ಚರ್ಮದ ಚೂರುಗಳನ್ನು ಕಸಿ ಮಾಡಿದರು. ಮೊದಲ ಕಂತು ಕೆಲ ದಿನ ನಿಂತು ಹೋಯಿತು. ಅದೇ ಸೋದರನಿಂದ ತೆಗೆದ ಎರಡನೇ ಕಂತು ಇನ್ನೂ ಬೇಗ ಹೋಯಿತು. ಮೈಗೆ ನೆನಪಿದೆ, ಪರರ ಚರ್ಮವನ್ನು ಅದು ಗುರುತು ಹಿಡಿದು ಹೊರಹಾಕುತ್ತದೆ ಎಂದು 1943ರಲ್ಲಿ ಬರೆದರು. ಮೆಡಾವರ್‌ಗೆ 1960ರಲ್ಲಿ ನೊಬೆಲ್ ಬಂತು. ಈಗ ಕಿಡ್ನಿ ಕಸಿ ಮಾಡಿಸಿಕೊಂಡವರು ನುಂಗುವ ಗುಳಿಗೆಗಳ ಕಥೆ ಶುರುವಾಗುವುದೂ ಸುಟ್ಟಗಾಯದ ವಾರ್ಡಿನಿಂದಲೇ.

ಇಲ್ಲೊಂದು ಹರಟೆ ಹೇಳದೆ ಇರಲಾರೆ. ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ವಿನ್‌ಸ್ಟನ್ ಚರ್ಚಿಲ್ ನಿಮಗೆ ಗೊತ್ತಲ್ಲ. ಬೆಂಗಳೂರಿನ ದಂಡಿನಲ್ಲಿದ್ದ ಆ ವರ್ಷಗಳಲ್ಲೇ, 1898ರಲ್ಲಿ, ಸುಡಾನಿನ ಒಮ್ಡುರ್ಮನ್ ಯುದ್ಧಕ್ಕೆ ಹೋಗಿದ್ದರು. ಗಾಯಗೊಂಡ ಒಬ್ಬ ಅಧಿಕಾರಿಗೆ ಚರ್ಮ ಬೇಕಾಯಿತು. ಒಬ್ಬ ಐರಿಷ್ ಡಾಕ್ಟರು ಚರ್ಚಿಲ್ಲರ ತೋಳಿನಿಂದ ನಾಣ್ಯದಗಲದ ತುಂಡನ್ನು, ಅರಿವಳಿಕೆ ಇಲ್ಲದೆ, ಕ್ಷೌರದ ಕತ್ತಿಯಲ್ಲಿ ಕೊಯ್ದು ಹಾಕಿದರು. ಆ ತುಂಡು ಗೆಳೆಯನ ಮೈಮೇಲೆ ಇಂದಿಗೂ ಇದೆ ಎಂದು ಚರ್ಚಿಲ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮೆಡಾವರ್ ಹೇಳುವುದು ನಿಜವಾದರೆ ಅದು ತಿಂಗಳೊಪ್ಪತ್ತಿನಲ್ಲೇ ಉದುರಿರಬೇಕು. ಗಾಯ ವಾಸಿಯಾಗಿ ಬೆಳೆದದ್ದು ಆ ಗೆಳೆಯನ ಸ್ವಂತ ಚರ್ಮ. ಚರ್ಚಿಲ್ಲರ ಬಳಿ ಉಳಿದದ್ದು ಕಲೆ ಮತ್ತು ಹೇಳಿಕೊಳ್ಳಲು ಒಂದು ಕಥೆ.

ಹಾಗಾದರೆ ಉದುರಿ ಹೋಗುವ ಚರ್ಮಕ್ಕೆ ಬ್ಯಾಂಕ್ ಯಾಕೆ ಎಂದು ನೀವು ಕೇಳುತ್ತೀರಿ. ಉದುರುವುದರೊಳಗೆ ಅದು ಮಾಡುವ ಕೆಲಸಕ್ಕಾಗಿ. ಆಳವಾಗಿ ಸುಟ್ಟ ಚರ್ಮ ಸತ್ತ ಚರ್ಮ. ಅದನ್ನು ಬೇಗ ಕೆತ್ತಿ ತೆಗೆಯದಿದ್ದರೆ ಕೀವಾಗುತ್ತದೆ. ತೆಗೆದರೆ ಹಸಿ ಮಾಂಸ ಬಯಲಾಗಿ ನಿಲ್ಲುತ್ತದೆ, ನೀರು, ಉಪ್ಪು, ಪ್ರೋಟೀನು ಎಲ್ಲ ಸೋರುತ್ತದೆ, ಮೈ ತಣ್ಣಗಾಗುತ್ತದೆ, ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತಾಗುತ್ತದೆ. ಅವಳದೇ ಚರ್ಮ ಹಾಕೋಣವೆಂದರೆ ನಲವತ್ತು ಭಾಗ ಸುಟ್ಟವಳಲ್ಲಿ ತೆಗೆಯಲು ಉಳಿದದ್ದೆಷ್ಟು? ಒಮ್ಮೆ ತೆಗೆದ ಜಾಗ ಮತ್ತೆ ಬೆಳೆಯಲು ಹತ್ತು ಹದಿನೈದು ದಿನ ಬೇಕು. ಆ ಹದಿನೈದು ದಿನಕ್ಕೆ, ಹಂಚು ಬರುವವರೆಗೆ ಮಾಡಿನ ಮೇಲೆ ಟಾರ್ಪಾಲು ಹೊದಿಸಿದ ಹಾಗೆ, ದಾನದ ಚರ್ಮ. ನೋವು ಇಳಿಯುತ್ತದೆ. ಡ್ರೆಸ್ಸಿಂಗ್ ಬಿಚ್ಚುವಾಗಿನ ಕಿರುಚಾಟ ಕಡಿಮೆಯಾಗುತ್ತದೆ. ಕೆಲವೊಮ್ಮೆ ಅವಳದೇ ಚೂರು ಚರ್ಮವನ್ನು ಯಂತ್ರದಲ್ಲಿ ಹಾಯಿಸಿ ಜಾಲರಿ ಮಾಡಿ, ನಾಲ್ಕು ಪಟ್ಟು ಆರು ಪಟ್ಟು ಹಿಗ್ಗಿಸಿ ಹಾಸಿ, ಅದರ ಮೇಲೆ ದಾನದ ಚರ್ಮ ಹೊದಿಸುತ್ತಾರೆ. ಕೆಳಗೆ ಜಾಲರಿಯ ಕಿಂಡಿಗಳು ಮುಚ್ಚಿಕೊಳ್ಳುತ್ತಾ ಬಂದ ಹಾಗೆ ಮೇಲಿನದು ತಾನಾಗಿ ಕಳಚುತ್ತದೆ.

ಬ್ಯಾಂಕಿನಲ್ಲಿಡುವ ಚರ್ಮ ಜೀವಂತವಾಗಿರಬೇಕೆಂದೂ ಇಲ್ಲ. ನೆದರ್ಲೆಂಡ್ಸಿನ ಬೆವರ್‌ವೈಕ್ ಊರಿನಲ್ಲಿ 1976ರಲ್ಲಿ ಶುರುವಾದ ಚರ್ಮ ಬ್ಯಾಂಕಿನವರು ಎಂಬತ್ತರ ದಶಕದಲ್ಲಿ ಗ್ಲಿಸರಿನ್‌ನಲ್ಲಿ ಇಡುವ ಕ್ರಮವನ್ನು ಬೆಳೆಸಿದರು. ಶೇಕಡ 85ರ ಗ್ಲಿಸರಿನ್, ಮನೆಯ ಫ್ರಿಜ್ಜಿನಷ್ಟು ತಂಪು, ಐದು ವರ್ಷ ಬಾಳಿಕೆ. ದ್ರವ ಸಾರಜನಕ ಬೇಡ, ಕೋಟಿ ರೂಪಾಯಿಯ ಯಂತ್ರ ಬೇಡ. ಹಾಗಾಗಿಯೇ ಇದು ನಮ್ಮ ದೇಶಕ್ಕೆ ಒಗ್ಗಿತು. 2000ದಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಮಾಧುರಿ ಗೋರೆ ಭಾರತದ ಮೊದಲ ಚರ್ಮ ಬ್ಯಾಂಕ್ ಕಟ್ಟಿದರು. ಕರ್ನಾಟಕಕ್ಕೆ ಬರಲು ಮತ್ತೆ ಹದಿನಾರು ವರ್ಷ ಹಿಡಿಯಿತು. 2016ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ರೋಟರಿಯವರ ನೆರವಿನಿಂದ ಮೊದಲನೆಯದು ಬಂತು. ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲೂ ಒಂದಿದೆ. ನನಗೆ ತಿಳಿದಂತೆ ಹಾವೇರಿಯಿಂದ ನಿಮಗೆ ಹತ್ತಿರದ್ದು ಅದೇ. ಹತ್ತಿರ ಎಂದರೂ ಹೆದ್ದಾರಿಯಲ್ಲಿ ಮೂರು ಗಂಟೆ. ಆರು ಗಂಟೆಯ ಗಡುವಿನಲ್ಲಿ ಮೂರು ಗಂಟೆ ದಾರಿಗೇ ಹೋದರೆ, ಅಳುವವರು ಅಳುವುದನ್ನು ನಿಲ್ಲಿಸಿ ಫೋನ್ ಹುಡುಕಬೇಕಾದ್ದು ಎಷ್ಟು ಬೇಗ ಎಂದು ಯೋಚಿಸಿ. ಹಾವೇರಿಯ ಜಿಲ್ಲಾಸ್ಪತ್ರೆಯಲ್ಲೇ ಚರ್ಮ ತೆಗೆಯಲು ತರಬೇತಿ ಪಡೆದ ಒಂದಿಬ್ಬರು ಇದ್ದು, ಡಬ್ಬಿಯನ್ನು ಬಸ್ಸಿನಲ್ಲಾದರೂ ಬೆಳಗಾವಿಗೆ ಕಳಿಸುವಂತಾಗದ ಹೊರತು, ನಿಮ್ಮ ಅತ್ತೆಯವರಂಥವರ ಸಹಿ ಬರೀ ಕಾಗದ. ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಈ ತಿಂಗಳಿಗೂ ಬೆಂಕಿಗೂ ಏನೋ ನಂಟು. 1981ರ ಫೆಬ್ರುವರಿ 7, ಶನಿವಾರ. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿಕೊಂಡು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ನಿಮ್ಮ ನಮ್ಮ ವಯಸ್ಸಿನವರಿಗೆ ನೆನಪಿರುತ್ತದೆ. ನನ್ನ ತಂದೆ ಆಮೇಲೆ ನಮ್ಮನ್ನು ಯಾವ ಡೇರೆಯೊಳಗೂ ಬಿಡಲಿಲ್ಲ. ಅದರ ಮುಂದಿನ ಶನಿವಾರ, ಫೆಬ್ರುವರಿ 14ರ ಬೆಳಗಿನ ಜಾವ, ಈಗ ನಾನಿರುವ ಸ್ವೋರ್ಡ್ಸಿನಿಂದ ಕಾರಿನಲ್ಲಿ ಕಾಲು ಗಂಟೆಯ ದಾರಿಯ ಆರ್ಟೇನ್ ಬಡಾವಣೆಯಲ್ಲಿ ಸ್ಟಾರ್‌ಡಸ್ಟ್ ಎಂಬ ನೈಟ್‌ಕ್ಲಬ್ ಉರಿಯಿತು. ಪ್ರೇಮಿಗಳ ದಿನದ ಕುಣಿತಕ್ಕೆ ಬಂದ 48 ಎಳೆಯರು ಹೋದರು. ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ತುರ್ತು ಬಾಗಿಲುಗಳಿಗೆ ಬೀಗ, ಸರಪಳಿ. ಬೆಂಕಿ ಬೇಕೆಂದೇ ಹಚ್ಚಿದ್ದಿರಬಹುದು ಎಂದು ಮೊದಲ ತನಿಖೆ ಹೇಳಿ, ಸತ್ತವರ ಮೇಲೇ ಅನುಮಾನದ ನೆರಳು ಬೀಳಿಸಿತ್ತು. ಮನೆಯವರು ಬಿಡಲಿಲ್ಲ. 2024ರ ಏಪ್ರಿಲ್ 18ರಂದು ಜ್ಯೂರಿಯವರು 48 ಸಾವುಗಳೂ ಕಾನೂನುಬಾಹಿರ ಹತ್ಯೆ ಎಂದು ತೀರ್ಪಿತ್ತರು. ಐದು ದಿನ ಬಿಟ್ಟು ಆಗಿನ ಪ್ರಧಾನಿ ಸೈಮನ್ ಹ್ಯಾರಿಸ್ ಸಂಸತ್ತಿನಲ್ಲಿ ನಿಂತು ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ನಲವತ್ಮೂರು ವರ್ಷ! ಹೂವು ಹಿಡಿದು ಕೂಲಾಕ್‌ನ ಸ್ಮಾರಕ ಉದ್ಯಾನಕ್ಕೆ ಹೋಗುವ ತಾಯಂದಿರಿಗೆ ಈಗ ಎಂಬತ್ತು ತೊಂಬತ್ತು. ಸುಟ್ಟವರಲ್ಲಿ ಹಲವರು ಹೋದದ್ದು 1733ರಲ್ಲಿ ಬಾಗಿಲು ತೆರೆದ ಡಾಕ್ಟರ್ ಸ್ಟೀವನ್ಸ್ ಆಸ್ಪತ್ರೆಗೆ. ಅದು 1987ರಲ್ಲಿ ಮುಚ್ಚಿತು. ಸುಟ್ಟಗಾಯಗಳ ಘಟಕ ಈಗ ಸೇಂಟ್ ಜೇಮ್ಸ್ ಆಸ್ಪತ್ರೆಯಲ್ಲಿದೆ.

ಇನ್ನು ಡಾಕ್ಟರಾಗಲು ಓದುತ್ತಿರುವ ನಿಮ್ಮ ಮಗಳ ಜಗಳ. "ಆಂಟಿ, ಆಸ್ಕಿ ಅಂದ್ರೆ ಬರೀ ನಾಟಕ, ನಿಜವಾದ ಪೇಶೆಂಟ್ ಬಿಟ್ಟು ನಟರನ್ನ ಮುಟ್ಟಿ ಡಾಕ್ಟರ್ ಆಗೋದುಂಟಾ?" ಎಂದು ಬರೆದಿದ್ದಾಳೆ. ನಾಟಕದ ಸಂಬಳ ತಿನ್ನುವವಳನ್ನೇ ಕೇಳಿದ್ದಾಳೆ, ಇರಲಿ. ಶಿವಮೊಗ್ಗದಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದವಳು ಇಲ್ಲಿಗೆ ಬಂದ ಮೇಲೆ ಡಬ್ಲಿನ್ನಿನ ಒಂದು ವೈದ್ಯಕೀಯ ಕಾಲೇಜಿನ ಪರೀಕ್ಷೆಗಳಿಗೆ ರೋಗಿಯ ಪಾತ್ರ ಮಾಡಲು ಹೋಗುತ್ತೇನೆ ಎಂದು ನಿಮಗೆ ಹಿಂದೊಮ್ಮೆ ಬರೆದಿದ್ದೆ.

ಆಸ್ಕಿ (OSCE), ಅಂದರೆ ವೈದ್ಯ ವಿದ್ಯಾರ್ಥಿಗಳು ಕೋಣೆಯಿಂದ ಕೋಣೆಗೆ ಹೋಗಿ ಕೊಡುವ ಪ್ರಾಯೋಗಿಕ ಪರೀಕ್ಷೆ, ಹುಟ್ಟಿದ್ದು ಸ್ಕಾಟ್ಲೆಂಡಿನ ಡಂಡೀಯಲ್ಲಿ. ರೊನಾಲ್ಡ್ ಹಾರ್ಡನ್ ಎಂಬವರು 1975ರಲ್ಲಿ ಅದರ ಬಗ್ಗೆ ಮೊದಲು ಬರೆದರು. ಅದಕ್ಕೆ ಮುಂಚೆ ಎಲ್ಲ ಕಡೆಯೂ ನಮ್ಮಲ್ಲಿ ಈಗಲೂ ಇರುವ ಲಾಂಗ್ ಕೇಸ್, ಶಾರ್ಟ್ ಕೇಸ್, ವೈವಾ. ನಮ್ಮಣ್ಣ ಎಂಬಿಬಿಎಸ್ ಓದುವಾಗಿನ ಕಥೆ ಮನೆಮಂದಿಗೆಲ್ಲ ಬಾಯಿಪಾಠ. ಪರೀಕ್ಷೆಗೆಂದೇ ವರ್ಷವರ್ಷ ಬಂದು ಮಲಗುವ ಒಬ್ಬ ಹೃದಯ ರೋಗಿ ಇದ್ದನಂತೆ. ಅಣ್ಣ ಸ್ಟೆತೊಸ್ಕೋಪ್ ಎದೆಗಿಟ್ಟು ಬೆವರುತ್ತಿದ್ದಾಗ ಆತ ಕಣ್ಣು ಮುಚ್ಚಿಕೊಂಡೇ, "ಮೈಟ್ರಲ್ ಸ್ಟೆನೋಸಿಸ್ ಸಾರ್, ಎಡಮಗ್ಗುಲಿಗೆ ತಿರುಗಿಸಿ ಕೇಳಿ" ಎಂದನಂತೆ. ಪಕ್ಕದ ಮಂಚದ ಹುಡುಗನಿಗೆ ಸಿಕ್ಕಿದ್ದು ಬಾಯಿಯೇ ಬಿಡದ ಮುದುಕ, ಮೇಲೆ ಸಿಡುಕಿನ ಎಕ್ಸಾಮಿನರ್. ಒಬ್ಬ ಪಾಸು, ಒಬ್ಬ ಫೇಲು. ಹಾರ್ಡನ್ ತೆಗೆಯಲು ಹೊರಟದ್ದು ಈ ಅದೃಷ್ಟದ ಆಟವನ್ನು. ಎಲ್ಲರಿಗೂ ಅದೇ ರೋಗಿ, ಅದೇ ಪ್ರಶ್ನೆ, ಅದೇ ನಿಮಿಷಗಳು. ಬೆಲ್ ಹೊಡೆದರೆ ಮುಂದಿನ ಕೋಣೆ, ಮುಂದಿನ ಎಕ್ಸಾಮಿನರ್.

ನನ್ನ ಕೋಣೆ ಹೇಗಿರುತ್ತದೆ ಹೇಳುತ್ತೇನೆ. ಒಂದು ಮಂಚ, ಎರಡು ಕುರ್ಚಿ, ಕೈಗೆ ಹಚ್ಚುವ ಜೆಲ್ಲಿನ ಬಾಟಲಿ, ಮೂಲೆಯಲ್ಲಿ ಟ್ಯಾಬ್ ಹಿಡಿದ ಎಕ್ಸಾಮಿನರ್. ಮೇಕಪ್ಪಿನ ಹುಡುಗಿ ನನ್ನ ಎಡ ಮುಂಗೈಯಿಂದ ಮೊಣಕೈವರೆಗೆ ಬಣ್ಣ, ಮೇಣ, ವ್ಯಾಸಲೀನು ಹಚ್ಚಿ ಬೊಬ್ಬೆ ಎಬ್ಬಿಸಿರುತ್ತಾಳೆ. ಒಂದೆರಡು ಒಡೆದು ನೀರಾಡುತ್ತಿರುವಂತೆ ಎಷ್ಟು ನಿಜವಾಗಿ ಮಾಡುತ್ತಾಳೆಂದರೆ, ಚಹಾದ ಬಿಡುವಿನಲ್ಲಿ ನಾನೇ ಕೈಯನ್ನು ಜೋಪಾನವಾಗಿ ಹಿಡಿದುಕೊಂಡಿರುತ್ತೇನೆ. ಮೊದಲೇ ಕೊಟ್ಟ ಹಾಳೆಯಲ್ಲಿ ನನ್ನ ಹೆಸರು, ವಯಸ್ಸು, ಕಾಯಿಲೆಗಳು, ಬಿಸಿ ಎಣ್ಣೆ ಚೆಲ್ಲಿದ ಕಥೆ. ಅದರ ಕೊನೆಗೆ ದಪ್ಪಕ್ಷರದಲ್ಲಿ "ಕೇಳಿದರೆ ಮಾತ್ರ ಹೇಳಿ" ಎಂಬ ಭಾಗ. ಅಲ್ಲಿ ಎರಡು ಸಂಗತಿ. ಒಂದು, ಎಣ್ಣೆ ಬಿದ್ದದ್ದು ಈಗಲ್ಲ, ಮೂರು ಗಂಟೆಯ ಹಿಂದೆ. ಎರಡು, ಬಾಣಲೆ ತಾನಾಗಿ ಜಾರಿದ್ದಲ್ಲ, ಗಂಡ ತಳ್ಳಿದ್ದು.

ಹುಡುಗರು ಬರುತ್ತಾರೆ. ಕೈಗೆ ಜೆಲ್ ಹಚ್ಚಿ, ಹೆಸರು ಹೇಳಿ, ನೋವು ಹತ್ತರಲ್ಲಿ ಎಷ್ಟು ಎನ್ನುತ್ತಾರೆ. ಕೆಲವರು ನನ್ನನ್ನು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಎಕ್ಸಾಮಿನರ್ ಮುಖ ನೋಡುತ್ತಾರೆ. "ನಿಮಗೆ ತುಂಬ ಕಷ್ಟವಾಗಿರಬೇಕು" ಎಂಬ ವಾಕ್ಯವನ್ನು ಅಂಕ ಬರುತ್ತದೆಂದು ಎಲ್ಲರೂ ಹೇಳುತ್ತಾರೆ, ನೆಗಡಿಗೂ ಹೇಳುತ್ತಾರೆ. ಆ ವಿಷಯದಲ್ಲಿ ನಿಮ್ಮ ಮಗಳ ದೂರು ಸರಿ. ಗುರುತು ಹಾಕುವ ಪಟ್ಟಿಯಿದ್ದಲ್ಲಿ ಪಟ್ಟಿಗೆಂದೇ ಮಾತಾಡುವವರೂ ಇರುತ್ತಾರೆ. ಆದರೆ ಮೊನ್ನೆ ಒಬ್ಬಳು ಬಂದಳು. ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು, "ಏನು ಅಡುಗೆ ಮಾಡ್ತಿದ್ರಿ?" ಎಂದು ಕೇಳಿದಳು. ಆ ಪ್ರಶ್ನೆಗೆ ಹಾಳೆಯಲ್ಲಿ ಉತ್ತರವೇ ಇರಲಿಲ್ಲ. ಬಜ್ಜಿ ಎನ್ನಲೋ ಚಿಪ್ಸ್ ಎನ್ನಲೋ ತಿಳಿಯದೆ ಚಿಪ್ಸ್ ಎಂದೆ. ಮಧ್ಯಾಹ್ನದ ಊಟಕ್ಕಾ ಎಂದಳು, ಹೌದು ಎಂದೆ. ಹಾಗಾದರೆ ಮೂರು ಗಂಟೆಯಾಯಿತು, ಇಷ್ಟು ಹೊತ್ತು ಬರದಂತೆ ಏನು ತಡೆಯಿತು ಎಂದು ಕೇಳಿ, ಸುಮ್ಮನಾದಳು. ಎಂಟು ನಿಮಿಷದ ಪರೀಕ್ಷೆಯಲ್ಲಿ ಸುಮ್ಮನಿರಲು ಧೈರ್ಯ ಬೇಕು. ನಾನು ಎರಡನೇ ಸಂಗತಿಯನ್ನೂ ಹೇಳಿದೆ. ಅವಳು "ಮನೆಗೆ ಹೋಗಲು ಭಯವಿದೆಯಾ?" ಎಂದು ಕೇಳುವ ಹೊತ್ತಿಗೆ ಬೆಲ್ ಹೊಡೆಯಿತು.

ಆ ಮೂರು ಗಂಟೆಗೆ ಯಾಕಷ್ಟು ಬೆಲೆ ಎಂದು ನಿಮ್ಮ ಮಗಳು ಥಿಯರಿಯಲ್ಲಿ ಓದಿರುತ್ತಾಳೆ. ಕೈಯಷ್ಟೇ ಸುಟ್ಟವಳಿಗೆ ಅದು ದೊಡ್ಡದಲ್ಲ. ಓಣಿಯ ಹುಡುಗಿಯ ಲೆಕ್ಕ ತೆಗೆದುಕೊಳ್ಳಿ. ತೂಕ 50 ಕಿಲೋ, ಸುಟ್ಟದ್ದು ಶೇಕಡ 40. ಪಾರ್ಕ್‌ಲ್ಯಾಂಡ್ ಸೂತ್ರದಂತೆ ನಾಲ್ಕು ಗುಣಿಸು ಐವತ್ತು ಗುಣಿಸು ನಲವತ್ತು, 8,000 ಮಿಲಿಲೀಟರ್ ಡ್ರಿಪ್, ಮೊದಲ ಇಪ್ಪತ್ನಾಲ್ಕು ಗಂಟೆಗೆ. ಅದರಲ್ಲಿ ಅರ್ಧ ಮೊದಲ ಎಂಟು ಗಂಟೆಯೊಳಗೆ ಹೋಗಬೇಕು. ಎಂಟು ಗಂಟೆ ಎಣಿಸುವುದು ಆಸ್ಪತ್ರೆಗೆ ಬಂದಾಗಿನಿಂದಲ್ಲ, ಸುಟ್ಟ ಕ್ಷಣದಿಂದ. ಮನೆಯಲ್ಲಿ ಪೇಸ್ಟು ಹಚ್ಚಿ, ಗಾಡಿ ಹುಡುಕಿ, ಹಾವೇರಿಯಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮೂರು ಗಂಟೆ ಹೋಗಿದ್ದರೆ, ಉಳಿದ ಐದು ಗಂಟೆಯಲ್ಲಿ ಆ ನಾಲ್ಕು ಲೀಟರ್ ಕೊಡಬೇಕು. ಗಂಟೆಗೆ 500 ಅಲ್ಲ, 800. ಯಾವಾಗ ಸುಟ್ಟಿತು ಎಂದು ಕೇಳದ ಹೌಸ್ ಸರ್ಜನ್ ಸೂತ್ರವನ್ನು ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿದ್ದರೂ ಕಿಡ್ನಿ ಉಳಿಸಲಾರ. (ಪೇಸ್ಟು, ಅರಿಶಿನ, ಇಂಕು, ದೋಸೆ ಹಿಟ್ಟು ಯಾವುದೂ ಬೇಡ, ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಬೇಕು, ಐಸ್ ಕೂಡದು ಎಂದು ಓಣಿಯಲ್ಲಿ ಡಂಗುರ ಸಾರಿಬಿಡಿ.)

ಎರಡನೇ ಸಂಗತಿಯ ಬೆಲೆ ನಿಮಗೆ ನಾನು ಹೇಳಬೇಕಿಲ್ಲ. "ಸ್ಟೋವ್ ಸಿಡಿಯಿತು" ಎಂಬ ಒಂದೇ ವಾಕ್ಯ ನಮ್ಮ ಆಸ್ಪತ್ರೆಗಳ ಎಷ್ಟು ಕೇಸ್ ಶೀಟುಗಳಲ್ಲಿ ಇದೆಯೋ. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ತೊಂಬತ್ತರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ ಮಂಚದ ಪಕ್ಕ ಕೂತು ಕೇಳತೊಡಗಿದ ಮೇಲೆ ಆ ವಾಕ್ಯದ ಹಿಂದಿನ ಕಥೆಗಳು ಹೊರಗೆ ಬಂದವು. ಅತ್ತೆ, ಗಂಡ ಬಾಗಿಲಲ್ಲಿ ನಿಂತಿರುವಾಗ ಯಾವಳೂ ಹೇಳುವುದಿಲ್ಲ. ಅವರನ್ನು ಔಷಧಿ ಚೀಟಿ ಕೊಟ್ಟು ಹೊರಗೆ ಕಳಿಸುವ ಉಪಾಯವೂ ವೈದ್ಯಕೀಯವೇ.

ಹಾಗೆಂದು ನಟರೇ ಸಾಕು ಎಂದು ನಾನು ಹೇಳುವುದಿಲ್ಲ. ನನ್ನ ಬೊಬ್ಬೆಗೆ ವಾಸನೆಯಿಲ್ಲ. ಸುಟ್ಟವರ ವಾರ್ಡಿನ ಆ ವಾಸನೆಯಲ್ಲಿ ನಿಂತು ತಲೆ ಸರಿಯಾಗಿ ಓಡುತ್ತದೆಯೇ ಎಂದು ನನ್ನ ಕೋಣೆಯಲ್ಲಿ ಅಳೆಯಲಾಗದು. ಇದೇ ಡಬ್ಲಿನ್ನಿನ ಮೀತ್ ಆಸ್ಪತ್ರೆಯಲ್ಲಿ ರಾಬರ್ಟ್ ಗ್ರೇವ್ಸ್ 1821ರಲ್ಲಿ ಒಂದು ಗದ್ದಲ ಎಬ್ಬಿಸಿದರು. ವಿದ್ಯಾರ್ಥಿಗಳು ಗುಂಪಾಗಿ ಗುರುವಿನ ಹಿಂದೆ ವಾರ್ಡು ಸುತ್ತಿ ಲ್ಯಾಟಿನ್ನಿನಲ್ಲಿ ಗುಣುಗುವುದನ್ನು ಕೇಳಿ ಡಾಕ್ಟರಾಗುವುದು ಸಾಕು, ಒಬ್ಬೊಬ್ಬನಿಗೂ ಒಬ್ಬೊಬ್ಬ ರೋಗಿಯ ಹೊಣೆ ಕೊಡಿ ಎಂದರು. ಕೊಟ್ಟರು ಕೂಡ. ನಮ್ಮಲ್ಲಿ 2019ರಿಂದ ಬಂದ ಹೊಸ ಪಠ್ಯಕ್ರಮದಲ್ಲಿ ನಡತೆ, ನೀತಿ, ಮಾತುಕತೆ ಎಂಬ ಪಾಠವೇ ಇದೆ, ಲಾಗ್‌ಬುಕ್ ಇದೆ. ಲಾಗ್‌ಬುಕ್ಕನ್ನು ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬುವ ಕಲೆಯೂ ಅದರ ಜೊತೆಗೇ ಬಂದಿದೆ ಎಂದು ನಿಮ್ಮ ಮಗಳೇ ಬರೆದಿದ್ದಾಳೆ. ಎರಡೂ ಬೇಕು, ಸುಮಂಗಲಕ್ಕ. ಕೋಣೆಯಲ್ಲಿ ನಾಟಕವೂ ಬೇಕು, ವಾರ್ಡಿನಲ್ಲಿ ಹೊಣೆಯೂ ಬೇಕು.

ಐರ್ಲೆಂಡಿನಲ್ಲಿ ಈ ಮಾತು ಆಡುವಾಗ ಬೆಳಗಾವಿಯ ಹೆಣ್ಣುಮಗಳು ಸವಿತಾ ಹಾಲಪ್ಪನವರ್ ನೆನಪಾಗದೆ ಇರಳು. ಸ್ವತಃ ದಂತವೈದ್ಯೆ, 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ ರಕ್ತಕ್ಕೆ ನಂಜೇರಿ ತೀರಿಕೊಂಡಳು. ಆ ಸಾವು ಈ ದೇಶದ ಗರ್ಭಪಾತದ ಕಾನೂನನ್ನು ಬದಲಿಸಿದ್ದು ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಮುಖ ಕಡಿಮೆ ಜನರಿಗೆ ಗೊತ್ತು. ನಾಡಿ, ಜ್ವರ, ಬಿಪಿ, ಉಸಿರು ಎಂಬ ಸಾದಾ ಸಂಗತಿಗಳನ್ನು ಹೊತ್ತುಹೊತ್ತಿಗೆ ನೋಡಿ ಕೂಡಲೇ ಕೆಲಸಕ್ಕಿಳಿಯಲಿಲ್ಲ ಎಂದು ಮರುವರ್ಷದ ತನಿಖಾ ವರದಿಗಳು ಹೇಳಿದವು. 2014ರಲ್ಲಿ ನಂಜಿನ ಚಿಕಿತ್ಸೆಗೆ ರಾಷ್ಟ್ರೀಯ ಮಾರ್ಗಸೂಚಿ ಬಂತು. ಸುಟ್ಟವರನ್ನು ಮೊದಲ ವಾರ ದಾಟಿದ ಮೇಲೆ ಕೊಲ್ಲುವುದೂ ಅದೇ ನಂಜು. ದಾನದ ಚರ್ಮ ಮುಖ್ಯವಾಗಿ ತಡೆಯಲು ನೋಡುವುದೂ ಅದನ್ನೇ.

ಇಷ್ಟೆಲ್ಲ ಪಾತ್ರ ಮಾಡಿದರೂ ಒಂದು ಪಾತ್ರ ನನಗಿನ್ನೂ ಸಿಕ್ಕಿಲ್ಲ. ಅರ್ಧ ಗಂಟೆಯ ಹಿಂದೆ ಗಂಡನನ್ನೋ ತಾಯಿಯನ್ನೋ ಕಳೆದುಕೊಂಡವಳದು. ಎದುರಿಗೆ ಬಂದು ಕೂರುವ ಇಪ್ಪತ್ಮೂರರ ಹುಡುಗಿ ಚರ್ಮದ ಮಾತು ಎತ್ತಬೇಕು. ನಾನು ಪರೀಕ್ಷೆ ನಡೆಸುವವಳಾಗಿದ್ದರೆ ಮೊದಲು ಸೇರಿಸುತ್ತಿದ್ದುದು ಆ ಕೋಣೆಯನ್ನು. ಭಾರತದಲ್ಲಿ 1994ರ ಅಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿ ಅಂಗಗಳ ಜೊತೆ ಅಂಗಾಂಶಗಳೂ ಸೇರಿದವು. ಐಸಿಯುನಲ್ಲಿರುವವರ ಮನೆಯವರನ್ನು ದಾನದ ಬಗ್ಗೆ ವೈದ್ಯರು ಕೇಳಲೇಬೇಕು ಎಂದೂ ಬರೆದರು. ಕಾನೂನು ಕೇಳು ಎಂದಿದೆ, ಹೇಗೆ ಕೇಳಬೇಕೆಂದು ಯಾರೂ ಕಲಿಸಿಲ್ಲ. ಇಲ್ಲಿ 2025ರ ಜೂನ್ 17ರಿಂದ, ಬೇಡವೆಂದು ನೋಂದಾಯಿಸದ ವಯಸ್ಕರೆಲ್ಲ ಅಂಗದಾನಕ್ಕೆ ಒಪ್ಪಿದಂತೆಯೇ ಎಂಬ ಕಾನೂನು ಜಾರಿಗೆ ಬಂದಿದೆ. ಆದರೆ ಅದು ಹೃದಯ, ಶ್ವಾಸಕೋಶ, ಲಿವರ್, ಕಿಡ್ನಿ, ಪ್ಯಾಂಕ್ರಿಯಾಸ್‌ಗೆ ಮಾತ್ರ, ಅಲ್ಲೂ ಮನೆಯವರನ್ನು ಕೇಳದೆ ಮುಟ್ಟುವುದಿಲ್ಲ. ಯಾವ ದೇಶದ ಯಾವ ಕಾನೂನೂ ಆ ಮಾತುಕತೆಯಿಂದ ಡಾಕ್ಟರನ್ನು ಪಾರುಮಾಡುವುದಿಲ್ಲ.

ನಮ್ಮ ಜನ ಕೊಡುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ನೇತ್ರದಾನಕ್ಕೆ ಸಾಲುಗಟ್ಟಿ ಹೆಸರು ಬರೆಸಿದವರು ನಮ್ಮ ಜನವೇ. ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ಕಥೆಯನ್ನು ಅತ್ತೆಯವರಿಗೆ ಹೇಳಿ. ತಂದೆ, ಅವರೂ ವೈದ್ಯರು, ತಮ್ಮ ದೇಹ ಕಲಿಯುವ ಮಕ್ಕಳಿಗೆ ಸೇರಲಿ, ಮಗನೇ ಕೊಯ್ದು ತೋರಿಸಲಿ ಎಂದು ಹೇಳಿ 2008ರಲ್ಲಿ ತೀರಿಕೊಂಡರು. ಶರೀರರಚನಾ ಶಾಸ್ತ್ರ ಕಲಿಸುವ ಆ ಮಗ 2010ರ ನವೆಂಬರ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನೇ ಛೇದಿಸಿ ಪಾಠ ಮಾಡಿದರು. ಇದರ ಮುಂದೆ ತೊಡೆಯ ಮೇಲಿನ ತೆಳು ಪದರ ಯಾವ ಲೆಕ್ಕ?

ಹಾಗಾಗಿ ಮಗಳಿಗೆ ನನ್ನದೊಂದು ಹೋಮ್‌ವರ್ಕ್. ಈ ಸಲ ರಜಕ್ಕೆ ಬಂದಾಗ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, ಅಜ್ಜ ಈಗಷ್ಟೇ ಹೋದರು ಎಂದುಕೊಂಡು, ಕೇಳಿ ನೋಡಲಿ. ಇಂಗ್ಲಿಷ್ ಕೂಡದು, "ಡೊನೇಷನ್" ಕೂಡದು, "ಮೃತರ" ಎನ್ನಕೂಡದು, ಹೆಸರಿಟ್ಟು ಕರೆಯಬೇಕು. ಮೊದಲ ವಾಕ್ಯದಲ್ಲೇ ಚರ್ಮದ ಮಾತು ಬೇಡ. ಅಜ್ಜ ಹೇಗಿದ್ದರು, ಬೇರೆಯವರ ಕಷ್ಟಕ್ಕೆ ಏನು ಮಾಡುತ್ತಿದ್ದರು ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕಾಯಲಿ. ಆಮೇಲೆ ಮುಖ ನೋಡುತ್ತಾ ಕೇಳಲಿ. ಅಜ್ಜಿ ಒಲ್ಲೆ ಎಂದರೆ ಆ ಒಲ್ಲೆಯನ್ನೂ ಗೌರವದಿಂದ ತೆಗೆದುಕೊಂಡು ಏಳುವುದು ಹೇಗೆ ಎಂದೂ ಅಭ್ಯಾಸವಾಗಲಿ. ಅಂಕ ಅಜ್ಜಿಯೇ ಹಾಕಲಿ, ನೀವು ಮಧ್ಯೆ ಬಾಯಿ ಹಾಕಬೇಡಿ. ಯಾವ ಮಾತಿಗೆ ಅಜ್ಜಿ ಮುಖ ತಿರುಗಿಸಿದರು, ಯಾವುದಕ್ಕೆ ತಿರುಗಿ ನೋಡಿದರು ಎಂದು ಬರೆದು ಕಳಿಸಿದರೆ, ಇಲ್ಲಿ ನಮಗೆ ತರಬೇತಿ ಕೊಡುವ ಹೆಂಗಸಿಗೆ ಹೇಳುತ್ತೇನೆ. ಮುಂದಿನ ವರ್ಷದ ಪಾತ್ರಗಳನ್ನು ಅವರು ಬೇಸಿಗೆಯಲ್ಲೇ ಬರೆಯಲು ಕೂರುತ್ತಾರೆ, ಆದ್ದರಿಂದ ಯುಗಾದಿಯೊಳಗೆ ತಲುಪುವಂತೆ ಕಳಿಸಿ.

ನಿಮ್ಮ
ವಸುಧಾ